ದಸರೆಯಿಂದ ಯುಗಾದಿಯವರೆಗೆ: ಮನೆಯಂಗಳದ ಗುಲಾಬಿ ಮತ್ತು ಕಾಲಕಾಲದ ಹೂಗಳು

ಗುಲಾಬಿ ಗಿಡವನ್ನು ಯಾವಾಗ ಸವರಬೇಕು ಎಂದು ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆಯವರು ಕೇಳಿದರೆ ನನ್ನ ಉತ್ತರ ಒಂದೇ. ಆಯುಧಪೂಜೆ ಮುಗಿಯಲಿ, ಮಳೆ ಎರಡು ಮೂರು ದಿನ ಬಿಡುವು ಕೊಡಲಿ, ಆಮೇಲೆ ಕತ್ತರಿ ಹಿಡಿಯಿರಿ, ದೀಪಾವಳಿಯೊಳಗೆ ಮುಗಿಸಿ. ಈ ಮೂರು ವಾರಗಳನ್ನು ಕೈಬಿಡದೆ ಹಿಡಿದುಕೊಂಡವರ ಮನೆಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೂವಿಗೆ ಬರವಿಲ್ಲ. ಇದೇ ಹೊತ್ತಿಗೆ ಚಳಿಗಾಲದ ಹೂಗಳ ಸಸಿಯೂ ಸಿದ್ಧವಾಗಿರಬೇಕು. ಹಾಗಾಗಿ ನಮ್ಮ ಬಯಲುಸೀಮೆಯ ಹೂದೋಟದ ವರ್ಷ ಶುರುವಾಗುವುದು ಅಕ್ಟೋಬರ್‌ನಲ್ಲಿ ಎಂದು ಇಟ್ಟುಕೊಂಡರೆ ಬಹಳಷ್ಟು ಕೆಲಸ ತಾನಾಗಿಯೇ ಸಾಲಿಗೆ ಬರುತ್ತದೆ.

ಗೊಬ್ಬರ, ಔಷಧಿ, ದುಬಾರಿ ಕುಂಡ ಎಲ್ಲ ಇದ್ದೂ ಹೂ ಬಿಡದ ಗಿಡಗಳನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ಕಾರಣ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ಎರಡೇ: ಬಿಸಿಲು ಸಾಲದ ಜಾಗ, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದ ಕೆಲಸ. ಬಿಸಿಲಿನ ವಿಷಯದಲ್ಲಿ ರಾಜಿಯಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಗುಲಾಬಿ ಇಡಬೇಡಿ. ಪೂರ್ವದ ಬಿಸಿಲು ಸಿಕ್ಕರೆ ಬಹಳ ಒಳ್ಳೆಯದು. ರಾತ್ರಿಯ ಇಬ್ಬನಿ ಎಲೆಯ ಮೇಲಿಂದ ಬೇಗ ಆರುತ್ತದೆ, ರೋಗ ಕಡಿಮೆ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಮೂರು ನಾಲ್ಕು ಗಂಟೆ ಮಾತ್ರ ಬಿಸಿಲು ಎನ್ನುವವರು ಗುಲಾಬಿಯ ಆಸೆ ಬಿಟ್ಟು ಟೊರೇನಿಯಾ, ಬಿಗೋನಿಯಾ, ಬಾಲ್ಸಂ ಬೆಳೆಸಿದರೆ ಮನಸ್ಸಿಗೂ ನೆಮ್ಮದಿ, ಗಿಡಕ್ಕೂ ನೆಮ್ಮದಿ.

ಗಿಡ ಕೊಳ್ಳುವಾಗ

ನರ್ಸರಿಯಲ್ಲಿ ದೊಡ್ಡ ಹೂ ಬಿಟ್ಟ ಗಿಡ ಕಣ್ಣು ಸೆಳೆಯುತ್ತದೆ. ಆದರೆ ನೋಡಬೇಕಾದದ್ದು ಬುಡ. ಕಸಿ ಕಟ್ಟಿದ ಗಂಟು ಗಟ್ಟಿಯಾಗಿ ಕೂಡಿಕೊಂಡಿದೆಯೇ, ಆ ಗಂಟಿನ ಮೇಲಿನಿಂದ ಕನಿಷ್ಠ ಎರಡು ಮೂರು ದಪ್ಪ ರೆಂಬೆಗಳು ಹೊರಟಿವೆಯೇ, ಕಾಂಡದ ಮೇಲೆ ಕಂದು ಬಣ್ಣದ ಹುರುಪೆ ಅಂಟಿಕೊಂಡಿದೆಯೇ ಎಂದು ಬಗ್ಗಿ ನೋಡಿ. ಹುರುಪೆ ಇದ್ದರೆ ಅದು ಶಲ್ಕ ಕೀಟ. ಆ ಗಿಡ ಮನೆಗೆ ಬಂದರೆ ಉಳಿದ ಗಿಡಗಳಿಗೂ ಹಬ್ಬುತ್ತದೆ. ಒಂದೇ ಕಡ್ಡಿಯ ತುದಿಯಲ್ಲಿ ಭಾರಿ ಹೂ ಇರುವ ಗಿಡಕ್ಕಿಂತ ಹೂವಿಲ್ಲದ ಮೂರು ರೆಂಬೆಯ ಗಿಡವೇ ವಾಸಿ.

ಬೆಂಗಳೂರಿನಲ್ಲಾದರೆ ಲಾಲ್‌ಬಾಗ್‌ ಒಳಗಿನ ನರ್ಸರಿ, ಪಕ್ಕದ ಸಿದ್ದಾಪುರದ ಸಾಲು ನರ್ಸರಿಗಳು ಎಲ್ಲರಿಗೂ ಗೊತ್ತು. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಗಾಜಿನ ಮನೆ ನೋಡಿ ಬರುವಾಗ ಗಿಡಗಳ ಮಳಿಗೆಗಳಿಗೂ ಒಂದು ಸುತ್ತು ಹಾಕಿ. ಆಗಸ್ಟ್‌ನಲ್ಲಿ ಕೊಂಡ ಗಿಡಕ್ಕೆ ಬೇರೂರಲು ಎರಡು ತಿಂಗಳ ತಂಪು ಹವೆ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಹೊಸ ಗುಲಾಬಿ ಕೊಳ್ಳಬೇಡಿ.

ಯಾವ ಜಾತಿ ಎಂಬುದು ನಿಮಗೆ ಹೂ ಯಾಕೆ ಬೇಕು ಎನ್ನುವುದರ ಮೇಲೆ ನಿಂತಿದೆ. ದೇವರ ಪೂಜೆಗೆ, ಮುಡಿಯುವುದಕ್ಕೆ ದಿನಾ ನಾಲ್ಕು ಹೂ ಬೇಕೆಂದರೆ ಪನ್ನೀರು ಗುಲಾಬಿ ಅಥವಾ ಬಟನ್ ರೋಸ್ ನೆಡಿ. ಪನ್ನೀರು ಗುಲಾಬಿಗೆ ಕಸಿಯೂ ಬೇಡ. ಮಳೆಗಾಲದ ಶುರುವಿನಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನೆರಳಿನಲ್ಲಿ ಚುಚ್ಚಿದರೆ ಬೇರು ಬಿಡುತ್ತದೆ. ಪರಿಮಳದಲ್ಲೂ ಅದಕ್ಕೆ ಸಾಟಿಯಿಲ್ಲ. ಒಂದೊಂದೇ ದೊಡ್ಡ ಹೂ ನೋಡುವ ಆಸೆಯಿದ್ದರೆ ಹೈಬ್ರಿಡ್ ಟೀ ವರ್ಗದ ಗಿಡಗಳು. ಗೊಂಚಲು ಬೇಕಾದರೆ ಫ್ಲೋರಿಬಂಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಪರಿಮಳದಂಥ ತಳಿ ಸಿಕ್ಕರೆ ಬಿಡಬೇಡಿ, ನಮ್ಮ ಹವೆಯಲ್ಲೇ ಆರಿಸಿದ್ದು. ಹೂಗುಚ್ಛದಲ್ಲಿ ಬರುವ ಉದ್ದ ಕಾಂಡದ ಗುಲಾಬಿಯ ಕಡ್ಡಿ ನೆಟ್ಟು ಕಾಯುವುದು ದಂಡ. ಅವು ಪಾಲಿಹೌಸ್‌ (ಪ್ಲಾಸ್ಟಿಕ್ ಹೊದಿಸಿದ ಮನೆ) ಒಳಗೆ ಬೆಳೆಯಲೆಂದೇ ಮಾಡಿದ ತಳಿಗಳು, ಹೊರಗೆ ಸೊರಗುತ್ತವೆ.

ನೆಡುವುದು

ನೆಲದಲ್ಲಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಎರಡು ಗಿಡಗಳ ನಡುವೆ ಎರಡೂವರೆ ಅಡಿ. ತೆಗೆದ ಮಣ್ಣನ್ನು ವಾರವಾದರೂ ಬಿಸಿಲಿಗೆ ಬಿಟ್ಟು, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಾಣಲೆ, ಬೇವಿನ ಹಿಂಡಿ ಎರಡು ಹಿಡಿ, ಎಲುಬಿನ ಪುಡಿ ಒಂದು ಹಿಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಮತ್ತು ಗೆದ್ದಲಿಗೆ ನೀವೇ ಕರೆ ಕೊಟ್ಟಂತೆ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಗುಂಡಿಯ ತಳಕ್ಕೆ ಅರ್ಧ ಅಡಿ ಇಟ್ಟಿಗೆ ಚೂರು, ಮರಳು ಹಾಕಿ, ಪಾತಿಯನ್ನು ಸುತ್ತಲ ನೆಲಕ್ಕಿಂತ ಎತ್ತರಿಸದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಕುಂಡದಲ್ಲಾದರೆ ಹನ್ನೆರಡು ಇಂಚಿಗಿಂತ ಕಿರಿದು ಬೇಡ, ಹದಿನಾಲ್ಕಾದರೆ ಚೆನ್ನ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಇಷ್ಟೇ ಸಾಕು. ಈಗ ಎಲ್ಲದಕ್ಕೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬುವುದು ರೂಢಿಯಾಗಿದೆ. ತಾರಸಿಯ ಭಾರ ಇಳಿಸಲು ಅರ್ಧ ಪಾಲು ಹಾಕಿ. ಅದಕ್ಕಿಂತ ಹೆಚ್ಚಾದರೆ ಮಳೆಗಾಲದಲ್ಲಿ ಕುಂಡ ವಾರಗಟ್ಟಲೆ ಆರುವುದಿಲ್ಲ, ಗುಲಾಬಿಯ ಬೇರಿಗೆ ಅದು ಸಲ್ಲ.

ನರ್ಸರಿಯ ಕಪ್ಪು ಚೀಲ ಹರಿದಾಗ ಬೇರಿನ ಸುತ್ತ ಕಲ್ಲಿನಂಥ ಅಂಟುಮಣ್ಣಿನ ಉಂಡೆ ಸಿಗುವುದುಂಟು. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವ ಗಿಡಗಳಲ್ಲಿ ಇದು ಸಾಮಾನ್ಯ. ಹಾಗೇ ನೆಟ್ಟರೆ ನೀರು ಆ ಉಂಡೆಯ ಹೊರಗಿಂದಲೇ ಜಾರಿ ಹೋಗುತ್ತದೆ, ಒಳಗೆ ಬೇರು ಒಣಗುತ್ತದೆ. ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹೊರಗಿನ ಮಣ್ಣು ಮೆತ್ತಗಾದ ಮೇಲೆ ಬೆರಳಿನಿಂದ ಸಡಿಲಿಸಿ, ಪೂರ್ತಿ ತೊಳೆಯಬೇಡಿ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಒಂದೆರಡು ಇಂಚು ಮೇಲೇ ಇರಬೇಕು. ಮೊದಲ ವಾರ ನೆರಳು, ಆಮೇಲೆ ಬಿಸಿಲು. ಹೊಸ ಗಿಡದ ಮೊದಲ ಎರಡು ಮೂರು ಮೊಗ್ಗುಗಳನ್ನು ಬಟಾಣಿ ಗಾತ್ರವಿರುವಾಗಲೇ ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಆದರೆ ಆ ಶಕ್ತಿ ಬೇರಿಗೆ ಹೋಗಲಿ.

ಸವರುವ ಕೆಲಸ

ತಂಪು ದೇಶದ ಪುಸ್ತಕಗಳಲ್ಲಿ ಗುಲಾಬಿಯನ್ನು ಗೇಣುದ್ದಕ್ಕೆ ಇಳಿಸಿಬಿಡಿ ಎಂದಿರುತ್ತದೆ. ಅಲ್ಲಿ ಗಿಡ ಚಳಿಗೆ ಎಲೆ ಉದುರಿಸಿ ಮಲಗಿರುತ್ತದೆ, ಆಹಾರವೆಲ್ಲ ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟಿರುತ್ತದೆ. ನಮ್ಮ ಗಿಡ ವರ್ಷವಿಡೀ ಎಚ್ಚರವಾಗಿಯೇ ಇರುತ್ತದೆ. ಎಲೆಯೇ ಅದರ ಅಡುಗೆಮನೆ. ಬುಡದವರೆಗೆ ಕತ್ತರಿಸಿದರೆ ಚೇತರಿಸಿಕೊಳ್ಳಲು ಒದ್ದಾಡುತ್ತದೆ, ಎಷ್ಟೋ ಸಲ ಒಣಗಿಯೇ ಹೋಗುತ್ತದೆ. ಹೈಬ್ರಿಡ್ ಟೀ ಗಿಡವನ್ನು ಒಂದೂವರೆಯಿಂದ ಎರಡು ಅಡಿ ಎತ್ತರಕ್ಕೆ ಇಳಿಸಿದರೆ ಸಾಕು. ಫ್ಲೋರಿಬಂಡ, ಬಟನ್ ರೋಸ್‌ಗಳಿಗೆ ಮೇಲಿನ ಮೂರನೇ ಒಂದು ಭಾಗ. ಪನ್ನೀರು ಗುಲಾಬಿಗೆ ಹಳೆಯ ಒಣ ಕಡ್ಡಿ ತೆಗೆದು ತುದಿ ಮೊಟಕುಗೊಳಿಸಿದರೆ ಆಯಿತು. ಬಳ್ಳಿ ಗುಲಾಬಿಯ ಉದ್ದ ಹಂಬನ್ನು ಮುಟ್ಟಲೇಬೇಡಿ. ಅದನ್ನು ಬೇಲಿಗೋ ಸರಳಿಗೋ ಅಡ್ಡಡ್ಡ ಬಾಗಿಸಿ ಕಟ್ಟಿ. ನೆಟ್ಟಗೆ ನಿಂತ ಹಂಬು ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ, ಅಡ್ಡ ಬಾಗಿದ್ದು ಉದ್ದಕ್ಕೂ ಚಿಗುರಿ ಹೂ ಬಿಡುತ್ತದೆ.

ಸವರುವ ಹಿಂದಿನ ವಾರ ನೀರು ಕಡಿಮೆ ಮಾಡಿ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಕತ್ತರಿಯನ್ನು ಚೆನ್ನಾಗಿ ಮಸೆದು, ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಕಡೆಯಿಂದ ಕೊಳೆ ಇಳಿಯುತ್ತದೆ. ಒಂದು ಗಿಡ ಮುಗಿದು ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ.

ಮೊದಲು ಸತ್ತ ಕಡ್ಡಿ, ರೋಗದ ಕಡ್ಡಿ, ಪೆನ್ಸಿಲ್‌ಗಿಂತ ಸಣಕಲಾದ ಕಡ್ಡಿ ತೆಗೆಯಿರಿ. ಆಮೇಲೆ ನಡುವಿಗೆ ನುಗ್ಗಿ ಒಂದನ್ನೊಂದು ಉಜ್ಜುವ ರೆಂಬೆಗಳು. ಉಳಿಯಬೇಕಾದದ್ದು ಬಟ್ಟಲಿನಾಕಾರದಲ್ಲಿ ಹೊರಕ್ಕೆ ಹರಡಿದ ನಾಲ್ಕೈದು ಗಟ್ಟಿ ಕಾಂಡ. ನಡು ಖಾಲಿ, ಗಾಳಿ ಬೆಳಕು ಆಡುವಂತೆ.

ಈಗ ಆ ನಾಲ್ಕೈದರಲ್ಲಿ ಒಂದನ್ನು ಕೈಗೆ ತೆಗೆದುಕೊಂಡು ನಿಧಾನ ನೋಡಿ. ಎಲೆ ಕಾಂಡಕ್ಕೆ ಕೂಡಿದ ಜಾಗದಲ್ಲಿ, ಎಲೆ ಉದುರಿದ್ದರೆ ಅದರ ಗೆರೆಯಂಥ ಗುರುತಿನ ಮೇಲೆ, ಸಾಸಿವೆ ಕಾಳಿನಷ್ಟು ಕೆಂಪು ಉಬ್ಬೊಂದು ಕಾಣುತ್ತದೆ. ಅದೇ ಕಣ್ಣು. ಮುಂದಿನ ರೆಂಬೆ ಆ ಕಣ್ಣು ನೋಡುವ ದಿಕ್ಕಿಗೇ ಹೊರಡುತ್ತದೆ. ಗಿಡದ ಒಳಗೆ ನೋಡುವ ಕಣ್ಣು ಬಿಡಿ. ಹೊರಗೆ ನೋಡುವ, ದುಂಡಗೆ ತುಂಬಿಕೊಂಡ ಕಣ್ಣನ್ನು ಆರಿಸಿಕೊಳ್ಳಿ. ಅದರಿಂದ ಕಾಲು ಇಂಚು ಮೇಲೆ, ಕಣ್ಣಿನ ಕಡೆ ಎತ್ತರವಾಗಿ ಅದರ ಹಿಂಬದಿಗೆ ಇಳಿಜಾರಾಗುವಂತೆ ಓರೆಯಾಗಿ ಕತ್ತರಿಸಿ. ಮಳೆ ಹನಿ ಕಣ್ಣಿನ ಮೇಲೆ ನಿಲ್ಲದೆ ಹಿಂದಕ್ಕೆ ಜಾರುತ್ತದೆ. ಹೆಚ್ಚು ಮೇಲೆ ಕತ್ತರಿಸಿದರೆ ಉಳಿದ ಮೋಟು ಒಣಗಿ ಕೆಳಕ್ಕೆ ಕಪ್ಪಿಡುತ್ತಾ ಬರುತ್ತದೆ. ತೀರಾ ಹತ್ತಿರ ಕತ್ತರಿಸಿದರೆ ಕಣ್ಣೇ ಸಾಯುತ್ತದೆ. ಕತ್ತರಿಸಿದ ಮೇಲೆ ಕಾಂಡದ ನಡುವನ್ನು ನೋಡಿ. ಬೆಂಡು ಬೆಳ್ಳಗೆ ಅಥವಾ ತಿಳಿ ಹಸಿರಾಗಿದ್ದರೆ ಸರಿ. ಕಂದು ಬಣ್ಣವಿದ್ದರೆ ಇನ್ನೊಂದು ಕಣ್ಣಿನಷ್ಟು ಕೆಳಗಿಳಿಯಿರಿ. ಬಿಳಿ ಬೆಂಡು ಸಿಗುವವರೆಗೆ ನಿಲ್ಲಬೇಡಿ.

ಕತ್ತರಿಸಿದ ಬಾಯಿಗೆ ಅಂದೇ ಬೋರ್ಡೋ ಮುಲಾಮು ಹಚ್ಚಿ. ಒಂದು ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ. ಬೇರೆ ಬೇರೆ ಕದಡಿ ಆಮೇಲೆ ಕೂಡಿಸುವುದು, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ, ಕಬ್ಬಿಣದ್ದರಲ್ಲಿ ಖಂಡಿತ ಬೇಡ. ನಾಲ್ಕು ಗಿಡಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರು ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಮುಲಾಮಿನಂತೆ ಕಲಸಿ ಹಳೆಯ ಬ್ರಶ್‌ನಿಂದ ಹಚ್ಚಬಹುದು. ಕತ್ತರಿಸಿದ ಕಡ್ಡಿ, ಉದುರಿದ ಎಲೆ ಗುಡಿಸಿ ಮನೆಯಿಂದ ಆಚೆ ಹಾಕಿ. ಕಪ್ಪು ಚುಕ್ಕೆ ರೋಗ ಆ ಎಲೆಗಳಲ್ಲೇ ಉಳಿದಿರುತ್ತದೆ, ಹಾಗಾಗಿ ಕಾಂಪೋಸ್ಟ್ ಗುಂಡಿಗೂ ಬೇಡ.

ಇದೇ ಹೊತ್ತಿಗೆ ಬುಡದಲ್ಲಿ ಕಳ್ಳ ಚಿಗುರು ಇದೆಯೇ ಎಂದು ಹುಡುಕಿ. ಕಸಿ ಗಂಟಿನ ಕೆಳಗಿಂದ, ಕೆಲವೊಮ್ಮೆ ಮಣ್ಣಿನ ಒಳಗಿಂದಲೇ ಹೊರಡುವ ಈ ಚಿಗುರು ಕಸಿ ಕಟ್ಟಲು ಬಳಸಿದ ಕಾಡು ಗುಲಾಬಿಯ ಬೇರಿನದು. ಒಂದೊಂದು ಎಲೆಯಲ್ಲಿ ಎಲೆದಳ ಏಳಿದ್ದರೆ ಕಳ್ಳ ಚಿಗುರು, ಐದಿದ್ದರೆ ಒಳ್ಳೆಯದು ಎಂದು ಹೇಳುವುದುಂಟು. ಅದನ್ನು ನಂಬಬೇಡಿ, ಒಳ್ಳೆಯ ಗುಲಾಬಿಗೂ ಏಳು ದಳ ಬರುತ್ತದೆ. ಮಣ್ಣು ಬಿಡಿಸಿ, ಎಲ್ಲಿಂದ ಹೊರಟಿದೆ ಎಂದು ಕಣ್ಣಾರೆ ನೋಡಿ. ನಮ್ಮ ಕಡೆ ಹೆಚ್ಚಾಗಿ ಬಳಸುವ ಮಲ್ಟಿಫ್ಲೋರಾ ಬೇರಾದರೆ ಇನ್ನೊಂದು ಗುರುತುಂಟು: ಎಲೆತೊಟ್ಟಿನ ಬುಡದಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳು ಸೀಳು ಅಂಚು. ಕಳ್ಳ ಚಿಗುರನ್ನು ಕತ್ತರಿಸಿದರೆ ಎರಡಾಗಿ ಹುಟ್ಟುತ್ತದೆ. ಹುಟ್ಟಿದ ಜಾಗದಿಂದಲೇ ಬುಡಸಮೇತ ಕಿತ್ತು ತೆಗೆಯಬೇಕು. ಚೆನ್ನಾಗಿದ್ದ ಗುಲಾಬಿ ವರ್ಷದಲ್ಲಿ ಸಣ್ಣ ಬಿಳಿ ಹೂವಿನ ಪೊದೆಯಾಯಿತು ಎಂಬ ದೂರಿನ ಹಿಂದೆ ಇರುವುದು ಈ ಚಿಗುರೇ.

ಜೂನ್‌ನಲ್ಲಿ ಮುಂಗಾರು ಹಿಡಿಯುವ ಮೊದಲು ಇನ್ನೊಂದು ಸಲ ಲಘುವಾಗಿ ಸವರಬಹುದು. ಆಗ ತುದಿಗಳನ್ನು ಮೊಟಕುಗೊಳಿಸಿ ಬಡಕಲು ಕಡ್ಡಿ ತೆಗೆದರೆ ಸಾಕು. ಕರಾವಳಿಯವರು ಈ ಜೂನ್ ಕತ್ತರಿ ಬಿಟ್ಟೇಬಿಡಿ. ಅಲ್ಲಿನ ಮಳೆಗೆ ತೆರೆದ ಗಾಯ ಆರುವುದೇ ಇಲ್ಲ.

ಸವರಿದ ಮೇಲಿನ ಏಳು ವಾರ

ಕತ್ತರಿಸಿದ ದಿನದಿಂದ ಮೊದಲ ಹೂ ಅರಳುವವರೆಗೆ ಸುಮಾರು ಏಳು ವಾರ ಲೆಕ್ಕ. ತಳಿಯ ಮೇಲೆ, ಚಳಿಯ ಮೇಲೆ ಒಂದು ವಾರ ಅತ್ತಿತ್ತ. ಮನೆಯಲ್ಲಿ ಮದುವೆ, ಗೃಹಪ್ರವೇಶವಿದ್ದು ಆ ದಿನಕ್ಕೆ ಅಂಗಳ ತುಂಬ ಹೂ ಬೇಕೆಂದರೆ ಏಳು ವಾರ ಹಿಂದಕ್ಕೆ ಎಣಿಸಿ. ಗಿಡ ಹೆಚ್ಚಿದ್ದರೆ ಎಲ್ಲವನ್ನೂ ಒಂದೇ ದಿನ ಸವರದೆ ಹತ್ತು ದಿನದ ಅಂತರದಲ್ಲಿ ಮೂರು ಪಾಲು ಮಾಡಿಕೊಳ್ಳಿ. ಹೂವಿನ ಸರದಿ ಉದ್ದವಾಗುತ್ತದೆ.

ಸವರಿದ ಮೂರ್ನಾಲ್ಕು ದಿನಕ್ಕೆ ಬುಡದ ಮೇಲ್ಮಣ್ಣು ಎರಡು ಇಂಚು ಕೆದಕಿ, ನೆಲದ ಗಿಡಕ್ಕೆ ಒಂದು ಬಾಣಲೆ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ. ಕೆಂಪು ಚಿಗುರು ಎರಡು ಇಂಚಾದಾಗ ಕಡಲೆಕಾಯಿ ಹಿಂಡಿ ನೀರು. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಮುಚ್ಚಿಟ್ಟು, ಸೋಸಿ, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ವಾಸನೆಯನ್ನು ಅಕ್ಕಪಕ್ಕದವರು ಎರಡು ದಿನ ಸಹಿಸಿಕೊಳ್ಳಬೇಕಾಗುತ್ತದೆ. ರಾಸಾಯನಿಕ ಗೊಬ್ಬರ ಬಳಸುವವರಾದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಅನ್ನು ಲೀಟರಿಗೆ ಎರಡು ಮೂರು ಗ್ರಾಂ, ಒದ್ದೆ ಮಣ್ಣಿಗೆ ಮಾತ್ರ. ಮೊಗ್ಗು ಕಾಣಿಸಿದ ಮೇಲೆ ಸಾರಜನಕ ನಿಲ್ಲಿಸಿ ಪೊಟ್ಯಾಷ್ ಕೊಡಿ. ಹೂವಿನ ಬಣ್ಣ, ಕಾಂಡದ ಗಟ್ಟಿತನ ಅದರಿಂದಲೇ.

ಸಕ್ಕರೆ, ಹಾಲು ಬೆರೆತ ಟೀ ಚರಟವನ್ನು ತೊಳೆಯದೆ ಕುಂಡಕ್ಕೆ ಸುರಿಯುವ ಅಭ್ಯಾಸ ಬಿಡಬೇಕು. ಇರುವೆ ಬರುತ್ತದೆ, ಇರುವೆಯ ಹಿಂದೆ ಬಿಳಿ ಹಿಟ್ಟು ತಿಗಣೆ ಬರುತ್ತದೆ. ಮೊಟ್ಟೆ ಚಿಪ್ಪು ಹಾಕುವುದರಿಂದ ಕೆಡುಕಿಲ್ಲ, ಆದರೆ ಅದು ಕರಗಿ ಗಿಡಕ್ಕೆ ದಕ್ಕುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಹೂ ಬಾಡಿದೊಡನೆ ಕತ್ತರಿಸಿ. ಬರೀ ಹೂವಿನ ತಲೆ ಚಿವುಟಿದರೆ ಅದರ ಕೆಳಗಿನ ಬಡಕಲು ಕಣ್ಣಿಂದ ಬಡಕಲು ಚಿಗುರೇ ಬರುತ್ತದೆ. ಮೇಲಿನ ಮೂರು ಎಲೆದಳದ ಎಲೆಯ ಜಾಗ ದಾಟಿ, ಐದು ಎಲೆದಳದ ಪೂರ್ಣ ಎಲೆ ಹೊರಮುಖವಾಗಿರುವ ಕಡೆ, ಅದರ ಮೇಲೆ ಕತ್ತರಿಸಿ. ಸುಮಾರು ಆರು ವಾರಕ್ಕೆ ಅಲ್ಲಿಂದಲೇ ಮುಂದಿನ ಹೂ.

ನೀರಿನ ಮಾತು

ನೆಲದ ಗುಲಾಬಿಗೆ ದಿನಾ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ಹಾಕುವುದು ಮೇಲು. ಕುಂಡಕ್ಕೆ ಬೆರಳೇ ಅಳತೆ: ಎರಡು ಇಂಚು ಒಳಗೆ ಒಣಗಿದ್ದರೆ ಹಾಕಿ. ಬೆಳಿಗ್ಗೆಯೇ ಹಾಕಿ, ಬುಡಕ್ಕೆ ಹಾಕಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ; ಮಣ್ಣು ಕ್ಷಾರವಾಗಿದೆ. ಆಗ ಇನ್ನಷ್ಟು ಗೊಬ್ಬರ ಹಾಕಿದರೆ ಹಾನಿಯೇ. ತಿಂಗಳಿಗೊಮ್ಮೆ ಮಳೆನೀರು ಅಥವಾ ಕಾವೇರಿ ನೀರನ್ನು ಕುಂಡದ ತಳದಿಂದ ಹರಿಯುವಷ್ಟು ಹಾಕಿ ಉಪ್ಪು ತೊಳೆಯಿರಿ, ಕಬ್ಬಿಣದ ಚೀಲೇಟ್ (ಗಿಡಕ್ಕೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣ) ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಎಲೆಗೆ ಸಿಂಪಡಿಸಿ. ಇಂಥ ಗಿಡಕ್ಕೆ ಬೂದಿ ಬೇಡ, ಅದು ಕ್ಷಾರ ಹೆಚ್ಚಿಸುತ್ತದೆ. ಬೋರ್‌ವೆಲ್ ನೀರಿಗೆ ಹಾಕಿದ ಆರ್‌ಒ ಯಂತ್ರದ ಕೊಳವೆಯಿಂದ ಹೊರಬರುವ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯದಂತೆ ಕಾಣುತ್ತದೆ. ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಕಾಲದ ಹೂಗಳು

ಒಂದು ಕಾಲಕ್ಕೆ ಹುಟ್ಟಿ, ಅರಳಿ, ಬೀಜವಾಗಿ ಮುಗಿಯುವ ಈ ಹೂಗಳನ್ನು ನಮ್ಮಲ್ಲಿ ಮೂರು ಬಿತ್ತನೆಗೆ ಹಂಚಿಕೊಳ್ಳಬಹುದು. ಮೇ, ಜೂನ್‌ನಲ್ಲಿ ಬಿತ್ತಿದ್ದು ಮಳೆಗಾಲಕ್ಕೆ: ಬಾಲ್ಸಂ, ಜಿನ್ನಿಯಾ, ಕಾಸ್ಮಾಸ್, ಕೋಳಿಜುಟ್ಟು, ಚೆಂಡು ಹೂ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಿದ್ದು ಚಳಿಗಾಲಕ್ಕೆ: ಪೆಟೂನಿಯಾ, ಫ್ಲಾಕ್ಸ್, ಡಯಾಂತಸ್, ಸಾಲ್ವಿಯಾ, ಆಂಟಿರೈನಮ್, ಪ್ಯಾನ್ಸಿ, ವರ್ಬಿನಾ, ಆಸ್ಟರ್. ಜನವರಿ, ಫೆಬ್ರವರಿಯಲ್ಲಿ ಬಿತ್ತಿದ್ದು ಬೇಸಿಗೆಗೆ: ಟೇಬಲ್ ರೋಸ್, ಗಾಂಫ್ರಿನಾ, ಗೈಲಾರ್ಡಿಯಾ, ಸೂರ್ಯಕಾಂತಿ, ನಿತ್ಯಪುಷ್ಪ. ಚಳಿಗಾಲದ ಸಾಲು ಅತಿ ಚೆಲುವಾದದ್ದು, ಜನ ತಡಮಾಡುವುದೂ ಅದರಲ್ಲೇ. ಪೆಟೂನಿಯಾ ಬಿತ್ತಿದಲ್ಲಿಂದ ಹೂವಿಗೆ ಹತ್ತು ಹನ್ನೆರಡು ವಾರ ಬೇಕು. ಡಿಸೆಂಬರ್‌ನಲ್ಲಿ ಬಿತ್ತಿದರೆ ಹೂ ಬರುವ ಹೊತ್ತಿಗೆ ಬಿಸಿಲು ಏರಿ ಗಿಡ ಸುಸ್ತಾಗಿರುತ್ತದೆ. ತಡವಾಯಿತೆಂದರೆ ಬೀಜ ಬಿಟ್ಟು ಸಸಿಯನ್ನೇ ಕೊಳ್ಳಿ.

ಬಿತ್ತನೆಗೆ ಅಗಲ ಬಾಯಿಯ ತಟ್ಟೆ ಅಥವಾ ಪ್ರೋಟ್ರೇ (ಸಾಲು ಗುಳಿಗಳಿರುವ ಸಸಿ ತಟ್ಟೆ). ಕೋಕೋಪೀಟ್ ಒಗ್ಗುವ ಜಾಗ ಇದು. ಅದಕ್ಕೆ ಜರಡಿ ಹಿಡಿದ ಎರೆಗೊಬ್ಬರ ಸಮಪಾಲು. ಮಣ್ಣನ್ನು ಮೊದಲೇ ನೆನೆಸಿ. ಚೆಂಡು ಹೂ, ಜಿನ್ನಿಯಾ, ಆಸ್ಟರ್ ಬೀಜಕ್ಕೆ ಅದರ ದಪ್ಪದಷ್ಟೇ ಮಣ್ಣು ಮುಚ್ಚಿಗೆ. ಪೆಟೂನಿಯಾ, ಆಂಟಿರೈನಮ್ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕೂ ಬೇಕು. ಒಂದು ಚಿಟಿಕೆ ಬೀಜಕ್ಕೆ ಎರಡು ಚಮಚ ಒಣ ಮರಳು ಬೆರೆಸಿ ಮೇಲೆ ಉದುರಿಸಿ, ಅಂಗೈಯಿಂದ ಮೆತ್ತಗೆ ಒತ್ತಿ ಬಿಡಿ, ಮುಚ್ಚಬೇಡಿ. ಮೇಲಿಂದ ನೀರು ಸುರಿದರೆ ಬೀಜ ಒಂದು ಮೂಲೆಗೆ ತೇಲಿ ಹೋಗುತ್ತದೆ. ತಟ್ಟೆಯನ್ನೇ ನೀರಿರುವ ಅಗಲ ಪಾತ್ರೆಯಲ್ಲಿಟ್ಟು ತಳದಿಂದ ಹೀರಿಸಿ. ಸುತ್ತ ಅರಿಶಿನದ ಗೆರೆ ಎಳೆಯಿರಿ, ಇಲ್ಲದಿದ್ದರೆ ಜಿನ್ನಿಯಾ ಬೀಜವನ್ನು ಇರುವೆ ಒಂದೇ ರಾತ್ರಿ ಹೊತ್ತೊಯ್ಯುತ್ತದೆ. ಮೊಳಕೆ ಕಂಡ ದಿನವೇ ಬೆಳಕಿಗಿಡಿ. ನೆರಳಿನಲ್ಲಿ ಉದ್ದಕ್ಕೆ ಎಳೆದುಕೊಂಡ ಸಸಿ, ಅತಿ ನೀರು, ಒತ್ತೊತ್ತಾದ ಬಿತ್ತನೆ, ಈ ಮೂರೂ ಸೇರಿದರೆ ಸಸಿಗಳು ಬುಡದಲ್ಲಿ ಕೊಳೆತು ಸಾಲುಸಾಲಾಗಿ ಮಲಗುತ್ತವೆ.

ನಾಲ್ಕೈದು ಎಲೆಯಾದಾಗ ಸಂಜೆ ಹೊತ್ತು ನಾಟಿ ಮಾಡಿ. ನಾಸ್ಟರ್ಷಿಯಮ್, ಸ್ವೀಟ್ ಪೀ ನಾಟಿಗೆ ಒಗ್ಗುವುದಿಲ್ಲ, ಇರುವ ಜಾಗದಲ್ಲೇ ಬಿತ್ತಿ. ನಾಸ್ಟರ್ಷಿಯಮ್, ಕಾಸ್ಮಾಸ್‌ಗಳಿಗೆ ಗೊಬ್ಬರ ಹೆಚ್ಚಾದರೆ ಸೊಪ್ಪು ಸೊಗಸಾಗಿ ಬರುತ್ತದೆ, ಹೂ ಮಾತ್ರ ಇಲ್ಲ.

ಚೆಂಡು ಹೂವನ್ನು ಆಯುಧಪೂಜೆಗೆ ಬೇಕೆಂದರೆ ಜುಲೈ ಮೊದಲ ವಾರದೊಳಗೆ ಬಿತ್ತಬೇಕು. ನಾಟಿಯಾಗಿ ಎರಡು ಮೂರು ವಾರಕ್ಕೆ ತುದಿ ಚಿವುಟಿ. ಕವಲೊಡೆದು ಹೂ ಎರಡರಷ್ಟಾಗುತ್ತದೆ, ಹೂ ಒಂದೆರಡು ವಾರ ತಡ, ಅದನ್ನೂ ಲೆಕ್ಕದಲ್ಲಿಡಿ. ಆಸ್ಟರ್‌ನಲ್ಲಿ ಹೆಸರಘಟ್ಟದ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ನಮ್ಮಲ್ಲಿ ಚೆನ್ನಾಗಿ ಬರುತ್ತವೆ. ಆಸ್ಟರ್ ಒಮ್ಮೆ ಬಿಟ್ಟು ಮುಗಿಯುವ ಹೂ, ಆದ್ದರಿಂದ ಹದಿನೈದು ದಿನಕ್ಕೊಂದು ಸಣ್ಣ ಬಿತ್ತನೆ ಮಾಡಿ. ಈ ವರ್ಷ ಬೆಳೆದ ಪಾತಿಯಲ್ಲಿ ಮರುವರ್ಷ ಆಸ್ಟರ್ ಬೇಡ. ಸೊರಗು ರೋಗ ಮಣ್ಣಿನಲ್ಲೇ ಕೂತಿರುತ್ತದೆ.

ಸೇವಂತಿಗೆಯ ಗುಟ್ಟು ಕತ್ತಲೆ. ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗಲೇ ಅದು ಮೊಗ್ಗಿಗೆ ತಿರುಗುವುದು. ಸಸಿ ಮಾಡಲು ಜೂನ್, ಜುಲೈನಲ್ಲಿ ಹಳೆಯ ಗಿಡದ ಬುಡದ ಮರಿಗಳನ್ನು ಬಿಡಿಸಿ ನೆಡಿ, ಇಲ್ಲವೇ ಮೂರು ಇಂಚಿನ ತುದಿ ಕಡ್ಡಿಗಳನ್ನು ಮರಳಿನಲ್ಲಿ ಬೇರು ಬರಿಸಿ. ನೆಟ್ಟು ನಾಲ್ಕು ವಾರವಾದ ಮೇಲೆ ಒಮ್ಮೆ, ಮತ್ತೆ ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ತುದಿ ಚಿವುಟಿ. ಆಗಸ್ಟ್ ಮುಗಿದ ಮೇಲೆ ಮುಟ್ಟಬೇಡಿ, ಮೊಗ್ಗೇ ಕೈಗೆ ಬರುತ್ತದೆ. ಗಿಡ ದಷ್ಟಪುಷ್ಟವಾಗಿದ್ದೂ ನವೆಂಬರ್‌ನಲ್ಲಿ ಮೊಗ್ಗಿಲ್ಲವೆಂದರೆ ರಾತ್ರಿ ಹೊತ್ತು ಹೊರಗೆ ಹೋಗಿ ನೋಡಿ. ಬೀದಿ ದೀಪವೋ ಜಗುಲಿಯ ಬಲ್ಬೋ ಗಿಡದ ಮೇಲೆ ಬೆಳಗಿನವರೆಗೆ ಬೀಳುತ್ತಿರುತ್ತದೆ, ಗಿಡಕ್ಕೆ ಅದು ಇನ್ನೂ ಹಗಲು. ಕುಂಡವನ್ನು ಕತ್ತಲಿರುವ ಮೂಲೆಗೆ ಸರಿಸಿದರೆ ಮೊಗ್ಗು ಬರುತ್ತದೆ. ಹೂ ಮುಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ನೆರಳಿನಲ್ಲಿ ಜೀವ ಹಿಡಿದಿರುವಷ್ಟು ನೀರು ಕೊಟ್ಟು ಮುಂದಿನ ಜೂನ್‌ವರೆಗೆ ಕಾಪಾಡಿ.

ಮಲೆನಾಡಿನವರಿಗೆ ಡೇರೆ (ಡೇಲಿಯಾ) ಹೂವಿನ ಪಾಠ ನಾನು ಹೇಳಬೇಕಿಲ್ಲ. ಸಾಗರ, ಶಿರಸಿ, ತೀರ್ಥಹಳ್ಳಿಯ ಕಡೆ ಬಣ್ಣಕ್ಕೊಂದು ಗೆಡ್ಡೆ ಅದಲುಬದಲು ಮಾಡಿಕೊಂಡು ಅಂಗಳ ತುಂಬಿಸುವವರೇ ಬಯಲುಸೀಮೆಯವರಿಗೆ ಗುರುಗಳು. ಹೊಸಬರಿಗೆ ಎರಡು ಮಾತು ಸಾಕು. ಗೆಡ್ಡೆ ಎಷ್ಟೇ ದಪ್ಪವಿರಲಿ, ಹಳೆಯ ಕಾಂಡದ ತುಣುಕಿಗೆ ಅಂಟಿದ ಕಣ್ಣು ಇಲ್ಲದಿದ್ದರೆ ಅದು ಚಿಗುರುವುದಿಲ್ಲ, ಬಿಡಿಸುವಾಗ ಕುತ್ತಿಗೆ ಮುರಿಯದಂತೆ ನೋಡಿ. ಆಸರೆ ಗೂಟವನ್ನು ನೆಡುವ ದಿನವೇ ಹುಗಿಯಿರಿ. ಗಿಡ ಎತ್ತರವಾದ ಮೇಲೆ ಹೊಡೆದರೆ ಗೂಟ ಗೆಡ್ಡೆಯನ್ನೇ ಸೀಳುತ್ತದೆ.

ಕಾಡುವ ರೋಗ, ಕೀಟ

ಇವಕ್ಕೂ ಕಾಲವಿದೆ. ಮೊದಲ ಮುಂಗಾರು ಮಳೆಯಾದ ವಾರ ಗುಲಾಬಿ ಎಲೆ ರಾತ್ರೋರಾತ್ರಿ ಅಂಚಿನಿಂದ ಮಾಯವಾಗುತ್ತಿದ್ದರೆ ಅದು ಮಣ್ಣಿನಿಂದೆದ್ದ ಕಂದು ಜೀರುಂಡೆ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋಗಿ, ಗಿಡ ಅಲುಗಿಸಿ ಸೋಪಿನ ನೀರಿನ ಡಬ್ಬಕ್ಕೆ ಬೀಳಿಸಿ. ಎಲೆಯಲ್ಲಿ ಅಚ್ಚುಕಟ್ಟಾದ ಅರ್ಧ ಚಂದ್ರದ ಕತ್ತರಿ ಗುರುತಿದ್ದರೆ ಅದು ಎಲೆ ಕತ್ತರಿಸುವ ಜೇನು. ಗೂಡಿಗೆ ಒಯ್ಯುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ, ದಯವಿಟ್ಟು ಔಷಧಿ ಹೊಡೆಯಬೇಡಿ.

ಮಳೆಗಾಲಕ್ಕೆ ಕಪ್ಪು ಚುಕ್ಕೆ: ಚುಕ್ಕೆ ಬಿದ್ದ ಎಲೆ ದಿನಾ ಆಯ್ದು ತೆಗೆದು, ಮಳೆ ನಿಂತ ದಿನ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಮೂರು ಗ್ರಾಂ. ಡಿಸೆಂಬರ್, ಜನವರಿಯ ಇಬ್ಬನಿಗೆ ಬೂದಿ ರೋಗ, ಚಿಗುರಿನ ಮೇಲೆ ಹಿಟ್ಟು ಚೆಲ್ಲಿದಂತೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಬಿಸಿಲೇರಿದ ಹೊತ್ತಿನಲ್ಲಿ ಬೇಡ. ಆಗಲೇ ಬರುವ ಹಸಿರು ಹೇನನ್ನು ಬೆರಳಲ್ಲಿ ಒರೆಸಿದರೂ ಹೋಗುತ್ತದೆ. ಮೊಗ್ಗು ಅರಳದೆ ಅಂಚು ಕಂದಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಆ ಮೊಗ್ಗು ಕಿತ್ತು ಬಿಸಾಡಿ, ಬೇವಿನ ಎಣ್ಣೆ ಲೀಟರಿಗೆ ಐದು ಎಂಎಲ್, ಅರ್ಧ ಚಮಚ ದ್ರವ ಸೋಪಿನಲ್ಲಿ ಕದಡಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಮಾರ್ಚ್‌ನಿಂದ ಕೆಂಪು ನುಸಿ: ಎಲೆಯ ಬೆನ್ನಿಗೆ ಬಲೆ, ಮೇಲೆ ಮಂಕು ಹಳದಿ. ಅದಕ್ಕೆ ನೀರೇ ಮದ್ದು, ಎಲೆಯ ಅಡಿಗೆ ರಭಸವಾಗಿ ಬೆಳಿಗ್ಗೆ ಹೊಡೆಯಿರಿ. ಶಲ್ಕ ಕೀಟದ ಹುರುಪೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ ತೆಗೆಯಬೇಕು. ಚಿಪ್ಪಿನ ಒಳಗೆ ಕೂತಿರುವುದರಿಂದ ಬರೀ ಸಿಂಪಡಿಸಿದರೆ ಹೋಗುವುದಿಲ್ಲ.

ಯುಗಾದಿಯ ಹೊತ್ತಿಗೆ

ಬಿಸಿಲು ಏರಿದ ಮೇಲೆ ಗುಲಾಬಿಯ ಹೂ ಚಿಕ್ಕದಾಗುತ್ತದೆ, ಬಣ್ಣ ಬಿಳಿಚುತ್ತದೆ. ಆಗ ಗೊಬ್ಬರ ಕೊಟ್ಟು ಒತ್ತಾಯಿಸಬಾರದು. ಬುಡಕ್ಕೆ ಮೂರು ಇಂಚು ಒಣ ಎಲೆ ಅಥವಾ ತೆಂಗಿನ ಸಿಪ್ಪೆ ಹೊದಿಸಿ, ತಾರಸಿಯ ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಗುಂಪು ಮಾಡಿ, ಸಿಮೆಂಟಿನ ಕಾವು ತಟ್ಟದಂತೆ ಅಡಿಗೆ ಇಟ್ಟಿಗೆ ಕೊಡಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಮಧ್ಯಾಹ್ನಕ್ಕೆ ಹಸಿರು ನೆರಳು ಬಲೆ ಬೇಕೇ ಬೇಕು.

ಚಳಿಗಾಲದ ಹೂಗಳು ಒಣಗುತ್ತಿರುವ ಈ ಹೊತ್ತಿನಲ್ಲೇ ಬೀಜ ಹಿಡಿಯಬೇಕು. ಒಳ್ಳೆಯ ಗಿಡವೊಂದನ್ನು ಮೊದಲೇ ಗುರುತಿಸಿ ದಾರ ಕಟ್ಟಿಡಿ, ಅದರ ಹೂವನ್ನು ಕೀಳದೆ ತಲೆ ಪೂರ್ತಿ ಒಣಗಲು ಬಿಡಿ. ಬಾಲ್ಸಂ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಹಸಿರು ಹಳದಿಗೆ ತಿರುಗಿದೊಡನೆ ಕಾಗದದ ಪೊಟ್ಟಣ ಕಟ್ಟಿ. ನಾಟಿ ತಳಿಯ ಜಿನ್ನಿಯಾ, ಕಾಸ್ಮಾಸ್, ಬಾಲ್ಸಂ, ಆಸ್ಟರ್ ಬೀಜ ತಾಯಿಯನ್ನೇ ಹೆಚ್ಚುಕಡಿಮೆ ಹೋಲುತ್ತವೆ. ಪೊಟ್ಟಣದ ಮೇಲೆ ಎಫ್‌1 (ಮೊದಲ ಪೀಳಿಗೆಯ ಹೈಬ್ರಿಡ್) ಎಂದು ಬರೆದಿದ್ದ ಪೆಟೂನಿಯಾ, ಚೆಂಡು ಹೂವಿನ ಬೀಜ ಹಿಡಿದು ಉಪಯೋಗವಿಲ್ಲ. ಬಣ್ಣ, ಗಾತ್ರ ಚದುರಿಹೋಗುತ್ತದೆ, ಅವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಿ. ಹಿಡಿದ ಬೀಜವನ್ನು ನೆರಳಲ್ಲಿ ವಾರ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಹೆಸರು ಮತ್ತು ವರ್ಷ ಬರೆದು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಬಾಲ್ಸಂ, ಜಿನ್ನಿಯಾ ಡಬ್ಬಿಯಿಂದ ಮೇ ಕೊನೆಗೆ ಹೊರಬರುತ್ತವೆ, ಆಸ್ಟರ್ ಆಗಸ್ಟ್‌ಗೆ. ಆಸ್ಟರ್ ಬೀಜ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟರೆ ಮೊಳೆಯುವುದು ತೀರಾ ಕಡಿಮೆ, ಹಾಗಾಗಿ ಹಳೆಯದನ್ನು ಉಳಿಸಿಕೊಳ್ಳದೆ ಆ ಹಂಗಾಮಿಗೇ ಬಿತ್ತಿಬಿಡಿ, ಮಿಕ್ಕಿದ್ದನ್ನು ಕೇಳಿದವರಿಗೆ ಕೊಡಿ.